ತಪ್ಪು ಉತ್ತರಕ್ಕೂ ಒಂದು ಲೆಕ್ಕವಿದೆ

ಕರ್ನಾಟಕ ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಮೊದಲ ಪತ್ರಿಕೆ ಒಂದರಿಂದ ಐದನೇ ತರಗತಿಗೆ ಪಾಠ ಮಾಡಬಯಸುವವರಿಗೆ. ಒಟ್ಟು 150 ಅಂಕ. ಅದರಲ್ಲಿ 30 ಅಂಕ ಶಿಶು ವಿಕಸನ ಮತ್ತು ಬೋಧನಾ ಶಾಸ್ತ್ರಕ್ಕೆ. ಡಿ.ಎಲ್.ಇಡಿ. ಓದುವ ಬಹಳಷ್ಟು ಮಂದಿಗೆ ಈ ವಿಷಯವೆಂದರೆ ಆ 30 ಅಂಕ, ಅಷ್ಟೇ. ಬೆಳವಣಿಗೆಯ ಹಂತಗಳು ಮನೋವಿಜ್ಞಾನಿ ಪಿಯಾಜೆಗೆ ನಾಲ್ಕು, ಕೋಹ್ಲ್‌ಬರ್ಗ್‌ಗೆ ಆರು, ಎರಿಕ್‌ಸನ್‌ಗೆ ಎಂಟು. ಗೈಡ್‌ನಲ್ಲಿ ಅಡಿಗೆರೆ ಎಳೆದು ಬಾಯಿಪಾಠ ಮಾಡಿ, ಒಎಂಆರ್ ಹಾಳೆಯಲ್ಲಿ ವೃತ್ತ ತುಂಬಿ ಬಂದರೆ ಮುಗಿಯಿತು. ಪಟ್ಟಿಗಳು ಮರೆತುಹೋಗುತ್ತವೆ. ಕೆಲವು ನಂಬಿಕೆಗಳು ಮಾತ್ರ ಉಳಿದುಕೊಂಡು, ನೇಮಕಾತಿ ಆದೇಶದ ಜೊತೆಗೇ ಶಾಲೆಗೂ ಬರುತ್ತವೆ. ಸ್ಟಾಫ್ ರೂಮಿನಲ್ಲಿ ಪದೇಪದೇ ಕಿವಿಗೆ ಬೀಳುವ ಅಂಥ ಕೆಲವನ್ನು ಇಲ್ಲಿ ನೋಡೋಣ.

“ಮಕ್ಕಳನ್ನು ಹೆತ್ತು ಸಾಕಿದವರಿಗೆ ಇದೆಲ್ಲ ಓದಿ ಆಗಬೇಕಾದ್ದೇನಿದೆ?”

ಈ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಮಗು ಯಾವಾಗ ಹಸಿದಿದೆ, ಯಾವಾಗ ಹೆದರಿದೆ ಎಂದು ತಾಯಿಗೆ ಗೊತ್ತಾದಷ್ಟು ಯಾವ ಪುಸ್ತಕಕ್ಕೂ ಗೊತ್ತಾಗದು. ಆದರೆ 52ರಲ್ಲಿ 37 ಕಳೆದು 25 ಎಂದು ಬರೆದ ಮಗುವಿನ ತಲೆಯಲ್ಲಿ ಏನು ನಡೆಯಿತು ಎಂಬುದು ವಾತ್ಸಲ್ಯದಿಂದ ತಿಳಿಯುವ ಸಂಗತಿಯಲ್ಲ. ಆ ಮಗು ಗಮನ ತಪ್ಪಿ ಬರೆದದ್ದಲ್ಲ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯಬೇಕು ಎಂಬ ನಿಯಮವನ್ನು ತಾನೇ ಮಾಡಿಕೊಂಡಿದೆ: ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಮೂರು ಹೋದರೆ ಎರಡು. ಅದಕ್ಕೆ 64ರಲ್ಲಿ 28 ಕಳೆಯಲು ಕೊಟ್ಟು ನೋಡಿ, 44 ಎಂದೇ ಬರೆಯುತ್ತದೆ. ನೂರ ಐದನ್ನು 1005 ಎಂದು ಬರೆಯುವ ಮಗುವಿನದೂ ಇದೇ ಕತೆ. ನೂರು ಬರೆದಾಯಿತು, ಪಕ್ಕದಲ್ಲಿ ಐದೂ ಬಂತು. ಕಿವಿಗೆ ಕೇಳಿದಂತೆಯೇ ಬರೆದಿದೆ.

ಇಂಥ ಮಗುವಿಗೆ “ಹತ್ತು ಸಲ ಬರಿ” ಎಂದರೆ ತನ್ನ ನಿಯಮವನ್ನೇ ಹತ್ತು ಸಲ ಗಟ್ಟಿ ಮಾಡಿಕೊಳ್ಳುತ್ತದೆ. ಬೇಕಾದದ್ದು ಹತ್ತರ ಕಟ್ಟು ಬಿಚ್ಚಿ ಬಿಡಿ ಕಡ್ಡಿ ಮಾಡಿ ತೋರಿಸುವುದು.

ವಿಕಾಸ ಮನೋವಿಜ್ಞಾನದ ಒಂದು ದೊಡ್ಡ ಅಧ್ಯಾಯ ಶುರುವಾದದ್ದೂ ತಪ್ಪು ಉತ್ತರಗಳಿಂದಲೇ. 1896ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಹುಟ್ಟಿದ ಪಿಯಾಜೆ ಪ್ರಾಯದಲ್ಲಿ ಪ್ಯಾರಿಸ್‌ಗೆ ಹೋಗಿ, ಮಕ್ಕಳ ತರ್ಕಶಕ್ತಿ ಅಳೆಯುವ ಪ್ರಶ್ನೆಗಳನ್ನು ಅಲ್ಲಿನ ಶಾಲಾಮಕ್ಕಳ ಮೇಲೆ ಪ್ರಯೋಗಿಸುವ ಕೆಲಸಕ್ಕೆ ಸೇರಿದ. ಎಷ್ಟು ಸರಿ ಎಂದು ಎಣಿಸುವುದು ಅವನ ಕೆಲಸ. ಅವನ ಕಣ್ಣಿಗೆ ಬಿದ್ದದ್ದು ಬೇರೆಯೇ: ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಿದ್ದರು. ಯಾಕೆ ಹಾಗೆ ಹೇಳಿದೆ ಎಂದು ಕೂತು ಕೇಳತೊಡಗಿದ. ಮುಂದಿನ ಅರ್ಧ ಶತಮಾನದ ಸಂಶೋಧನೆ ಆ ಪ್ರಶ್ನೆಯಿಂದ ಬೆಳೆಯಿತು. ನಮ್ಮ ಗೈಡ್‌ಗಳಲ್ಲಿ ಅವನ ಹಂತಗಳ ಕೋಷ್ಟಕ ಇರುತ್ತದೆ, ಈ ಪ್ರಶ್ನೆ ಇರುವುದಿಲ್ಲ. ನನ್ನನ್ನು ಕೇಳಿದರೆ ಕೋಷ್ಟಕ ಬಿಟ್ಟರೂ ನಡೆಯುತ್ತದೆ, ಪ್ರಶ್ನೆ ಬಿಡಬಾರದು.

“ಏಳು ವರ್ಷ ತುಂಬುವ ತನಕ ಮಕ್ಕಳಿಗೆ ತರ್ಕ ಬರುವುದಿಲ್ಲ, ಪಿಯಾಜೆಯೇ ಹೇಳಿದ್ದಾನೆ”

ಹಂತಗಳನ್ನು ಬಾಯಿಪಾಠ ಮಾಡಿದವರು ಅವನ್ನು ಗೋಡೆಗಳೆಂದುಕೊಳ್ಳುವುದು ಸಾಮಾನ್ಯ. ಕಾರ್ಯಪೂರ್ವ ಹಂತ ಎರಡರಿಂದ ಏಳು ವರ್ಷ, ಮೂರ್ತ ಕಾರ್ಯಗಳ ಹಂತ ಏಳರಿಂದ ಹನ್ನೊಂದು. ಆರು ವರ್ಷದ ಮಗುವಿಗೆ ಕಾರಣ ಹೇಳಿ ಪ್ರಯೋಜನವಿಲ್ಲ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಪಿಯಾಜೆಯ ಪ್ರಸಿದ್ಧ ಪ್ರಯೋಗವೊಂದಿದೆ. ಎರಡು ಸಾಲು ಬಿಲ್ಲೆಗಳು, ಎರಡರಲ್ಲೂ ಒಂದೇ ಸಂಖ್ಯೆ. ಎರಡೂ ಸಮವೇ ಎಂದು ಕೇಳಿದರೆ ಮಗು ಹೌದು ಎನ್ನುತ್ತದೆ. ದೊಡ್ಡವರು ಒಂದು ಸಾಲನ್ನು ಮಗುವಿನೆದುರೇ ಅಗಲ ಮಾಡಿ ಮತ್ತೆ ಅದೇ ಪ್ರಶ್ನೆ ಕೇಳಿದರೆ, ಉದ್ದ ಸಾಲಿನಲ್ಲಿ ಹೆಚ್ಚಿದೆ ಎನ್ನುತ್ತದೆ. 1974ರಲ್ಲಿ ಸ್ಕಾಟ್ಲೆಂಡ್‌ನ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದನ್ನೇ ಕೊಂಚ ಬದಲಿಸಿದರು. ಸಾಲನ್ನು ಕೆಡಿಸುವುದು ದೊಡ್ಡವರಲ್ಲ, ಡಬ್ಬಿಯಿಂದ ಹೊರಬಂದು ಆಟ ಕೆಡಿಸುವ ತುಂಟ ಕರಡಿಬೊಂಬೆ. ಹಾಗೆ ಮಾಡಿದಾಗ ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ ಎಷ್ಟೋ ಹೆಚ್ಚು ಮಂದಿ ಸರಿಯಾಗಿ ಉತ್ತರಿಸಿದರು.

ಅವರು ಕೊಟ್ಟ ಕಾರಣ ಏನೆಂದರೆ, ದೊಡ್ಡವರು ಬೇಕೆಂದೇ ಸಾಲನ್ನು ಬದಲಿಸಿ ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ, ಮೊದಲ ಉತ್ತರ ಸರಿಯಿರಲಿಲ್ಲ ಎಂದು ಮಗು ಊಹಿಸುತ್ತದೆ. ಅದು ಬಿಲ್ಲೆಗಳ ಜೊತೆಗೆ ನಿಮ್ಮ ಮುಖವನ್ನೂ ಓದುತ್ತಿರುತ್ತದೆ. ಸರಿ ಉತ್ತರ ಕೊಟ್ಟ ಮಗುವಿಗೆ “ಹೌದಾ? ಇನ್ನೊಮ್ಮೆ ಯೋಚನೆ ಮಾಡು” ಎಂದು ನೋಡಿ, ತಕ್ಷಣ ಉತ್ತರ ಬದಲಿಸುತ್ತದೆ. ತಪಾಸಣೆಗೆ ಬಂದ ಅಧಿಕಾರಿಗಳ ಮುಂದೆ ಇಡೀ ತರಗತಿ ತಬ್ಬಿಬ್ಬಾಗುವುದರಲ್ಲಿ ಇದರ ಪಾಲು ದೊಡ್ಡದು.

ಹಾಗೆಂದು ಹಂತಗಳೆಲ್ಲ ಸುಳ್ಳು ಎಂದಲ್ಲ. ಚಿಕ್ಕ ಮಕ್ಕಳು ಕಣ್ಣಿಗೆ ಕಂಡದ್ದಕ್ಕೆ ಬೇಗ ಮರುಳಾಗುತ್ತಾರೆ, ಮುಟ್ಟಿ ಎಣಿಸಿದರೆ ಚೆನ್ನಾಗಿ ಕಲಿಯುತ್ತಾರೆ, ಅದು ನಿಜ. ಆದರೆ ಹುಟ್ಟುಹಬ್ಬದ ಮರುದಿನ ತೆರೆಯುವ ಬಾಗಿಲು ಯಾವುದೂ ಇಲ್ಲ. ಒಂದೇ ಮಗು ಬೆಳಿಗ್ಗೆ ಲೆಕ್ಕದಲ್ಲಿ ಒಂದು ಹಂತದಲ್ಲಿದ್ದು, ಮಧ್ಯಾಹ್ನ ಆಟದ ನಿಯಮದ ಜಗಳದಲ್ಲಿ ಇನ್ನೊಂದು ಹಂತದಲ್ಲಿರಬಹುದು. ಪಿಯಾಜೆ ಹುಟ್ಟಿದ ವರ್ಷವೇ ಹುಟ್ಟಿ 37ನೇ ವಯಸ್ಸಿಗೆ ತೀರಿಕೊಂಡ ರಷ್ಯಾದ ಮನೋವಿಜ್ಞಾನಿ ವೈಗೋಟ್‌ಸ್ಕಿ ಕೇಳಿದ್ದು ಹೆಚ್ಚು ಉಪಯೋಗಕ್ಕೆ ಬರುವ ಪ್ರಶ್ನೆ: ಈ ಮಗು ಒಂಟಿಯಾಗಿ ಏನು ಮಾಡಬಲ್ಲದು, ಯಾರಾದರೂ ಪಕ್ಕದಲ್ಲಿದ್ದರೆ ಏನು ಮಾಡಬಲ್ಲದು? ಪಾಠಕ್ಕೆ ಜಾಗ ಇರುವುದು ಆ ಎರಡರ ನಡುವೆ.

“ಅ ಆ ಇ ಈ ಬಿಟ್ಟು ರ ಗ ಸ ದ ಕಲಿಸಿದರೆ ಬುನಾದಿಯೇ ಹಾಳು”

1995ರಲ್ಲಿ ಎಚ್.ಡಿ. ಕೋಟೆಯಲ್ಲಿ, ಚಿಕ್ಕ ತರಗತಿಗಳಿಗೆ ಕಾರ್ಡುಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿ ಶುರುವಾದಂದಿನಿಂದ ಪೋಷಕರು ಹೇಳುತ್ತ ಬಂದ ದೂರು ಇದು. ಕೆಲವು ಶಿಕ್ಷಕರೂ ಒಳಗೊಳಗೇ ಒಪ್ಪುತ್ತಾರೆ. ವರ್ಣಮಾಲೆಯ ಕ್ರಮ ವ್ಯಾಕರಣದ ಕ್ರಮ. ಬಾಯಿಯಲ್ಲಿ ಧ್ವನಿ ಹುಟ್ಟುವ ಸ್ಥಾನವನ್ನು ನೋಡಿ ಜೋಡಿಸಿದ್ದು, ತುಂಬ ಜಾಣತನದ ಜೋಡಣೆ. ಮೊದಲ ಸಲ ಓದಲು ಕುಳಿತ ಮಗುವಿಗೆ ಅದರಿಂದ ಆಗುವುದು ಕಡಿಮೆ. ಸ್ವರಗಳನ್ನೆಲ್ಲ ಕಲಿತು ಮುಗಿಸಿದರೂ ಕೈಗೆ ಸಿಗುವುದು ಆ, ಈ ಎಂಬಂಥ ಒಂದೆರಡು ಪದ. ರ, ಗ, ಸ, ದ, ಅ ಈ ಐದು ಬಂದರೆ ಸರ, ದರ, ರಸ, ಅರಸ, ಅಷ್ಟೇ ಏಕೆ ಗರಗಸವೂ ಓದಲು ಬರುತ್ತದೆ. ಓದಿದ್ದಕ್ಕೆ ಅರ್ಥ ಹುಟ್ಟಿತೆಂದರೆ ಮಗು ಮುಂದಿನ ಕಾರ್ಡಿಗೆ ತಾನೇ ಕೈ ಚಾಚುತ್ತದೆ.

ಇದರ ಬೆನ್ನಿಗೇ ಬರುವ ಇನ್ನೊಂದು ಮಾತು: “ಮೂರನೇ ತರಗತಿಗೆ ಬಂದ, ಒತ್ತಕ್ಷರ ಓದೋಕೆ ಬರಲ್ಲ, ದಡ್ಡ.” ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂಗ್ಲಿಷ್‌ಗೆ 26 ಅಕ್ಷರ. ಕನ್ನಡಕ್ಕೆ 49 ಎನ್ನುತ್ತೇವೆ, ಆದರೆ ಕಾಗುಣಿತ ಸೇರಿದರೆ ಮಗು ಗುರುತಿಸಬೇಕಾದ ಆಕಾರಗಳು ನಾನೂರು ದಾಟುತ್ತವೆ, ಒತ್ತುಗಳು ಅದರ ಮೇಲೆ. ಕನ್ನಡ ಓದುವ ಮಕ್ಕಳ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ, ಅದರಾಚೆಗೂ ನಡೆಯುತ್ತಲೇ ಇರುತ್ತದೆ ಎಂದು ತೋರಿಸಿತು. ‘ಕಮಲ’ದಲ್ಲಿ ಮೊದಲ ಅಕ್ಷರ ತೆಗೆ ಎಂದರೆ ಚಿಕ್ಕ ಮಗುವೂ ‘ಮಲ’ ಎನ್ನಬಲ್ಲದು. ಬರೀ ಕ್ ಧ್ವನಿಯನ್ನು ತೆಗೆದು ‘ಅಮಲ’ ಎನ್ನುವುದು ಬಹಳ ತಡವಾಗಿ ಬರುವ ವಿದ್ಯೆ. ಇಂಗ್ಲಿಷ್ ಮಕ್ಕಳಿಗಾಗಿ ಮಾಡಿದ ಅಳತೆಗೋಲನ್ನು ನಮ್ಮ ಮಕ್ಕಳ ಪಕ್ಕ ಇಟ್ಟರೆ ನಮ್ಮವರು ಸುಮ್ಮಸುಮ್ಮನೆ ಗಿಡ್ಡ ಕಾಣುತ್ತಾರೆ.

ಅರ್ಕಾವತ್ತನ್ನೇ ತೆಗೆದುಕೊಳ್ಳಿ. ‘ಕರ್ಮ’ ಎಂದು ಬರೆದಾಗ ರಕಾರ ಕೇಳುವುದು ಮ-ಕ್ಕಿಂತ ಮೊದಲು, ಕಾಣುವುದು ಮ-ದ ನಂತರ. ಅದನ್ನು ‘ಕಮ್ರ’ ಎಂದು ಓದಿದ ಮಗು ಎಡದಿಂದ ಬಲಕ್ಕೆ ಓದಬೇಕು ಎಂದು ನಾವು ಕಲಿಸಿದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ. ಅದಕ್ಕೆ ಹೇಳಿಕೊಡಬೇಕಾದದ್ದು ಈ ಒಂದು ಅಪವಾದವನ್ನು ಮಾತ್ರ. ತಾನಾಗಿಯೇ ಬಂದೀತು ಎಂದು ಕೈಕಟ್ಟಿ ಕೂತರೂ ತಪ್ಪೇ. ತಡವಾಗಿ ಬರುವುದನ್ನು ಬಿಡಿಸಿ ಬಿಡಿಸಿ ಕಲಿಸಬೇಕು. ನಾಲ್ಕು, ಐದನೇ ತರಗತಿಯ ಶಿಕ್ಷಕರು “ಅಕ್ಷರ ಕಲಿಸೋದು ನಲಿಕಲಿಯವರ ಕೆಲಸ” ಎಂದು ಜಾರಿಕೊಳ್ಳಲು ನಾಗ್ ಅವರ ಸಂಶೋಧನೆ ಅವಕಾಶ ಕೊಡುವುದಿಲ್ಲ.

“ಇವನು ನೋಡಿ ಕಲಿಯುವವನು, ಅವಳು ಕೇಳಿ ಕಲಿಯುವವಳು”

ತರಬೇತಿ ಕಾರ್ಯಾಗಾರಗಳಿಂದ ಬಂದ ಹೊಸ ಮೂಢನಂಬಿಕೆ ಇದು. ಮಗುವಿನ ಕಲಿಕಾ ಶೈಲಿ ಕಂಡುಹಿಡಿದು ಅದಕ್ಕೆ ತಕ್ಕಂತೆ ಕಲಿಸಿದರೆ ಹೆಚ್ಚು ಕಲಿಯುತ್ತದೆ ಎನ್ನುವ ವಾದಕ್ಕೆ ಸಾಕಷ್ಟು ಪುರಾವೆಯೇ ಇಲ್ಲ ಎಂದು 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ಅದುವರೆಗಿನ ಸಂಶೋಧನೆಗಳನ್ನು ಜಾಲಾಡಿ ಹೇಳಿದರು. ಭೂಪಟವನ್ನು ಎಲ್ಲರೂ ನೋಡಿಯೇ ಕಲಿಯಬೇಕು, ಪದ್ಯವನ್ನು ಎಲ್ಲರೂ ಕೇಳಿಯೇ ಕಲಿಯಬೇಕು. ಎಡಮೆದುಳಿನ ಮಗು, ಬಲಮೆದುಳಿನ ಮಗು ಎಂಬ ವಿಂಗಡಣೆಯೂ ಇದೇ ಅಂಗಡಿಯ ಸರಕು.

“ಬೆರಳು ಮಡಚಿ ಎಣಿಸಬೇಡ!”

ಎಣಿಸಲಿ ಬಿಡಿ. ಬೆರಳು ಮಗುವಿಗೆ ಪುಕ್ಕಟೆ ಸಿಕ್ಕ ಬೋಧನೋಪಕರಣ. ಸಂಖ್ಯೆ ಮನಸ್ಸಿನಲ್ಲಿ ನೆಲೆಯಾದ ಮೇಲೆ ಅದರ ಅಗತ್ಯ ತಾನೇ ಕಡಿಮೆಯಾಗುತ್ತದೆ. ಬೆರಳಿನ ಗೆರೆಗಳ ಮೇಲೆ ಹೆಬ್ಬೆರಳು ಓಡಿಸಿ ಹೂವಿನ ಮೊಳ, ಹಾಲಿನ ಲೆಕ್ಕ ಹೇಳುವ ಅಜ್ಜಿಯರು ನಮ್ಮಲ್ಲಿ ಇನ್ನೂ ಇದ್ದಾರೆ.

ಇದಕ್ಕೆ ಹತ್ತಿರದ ಇನ್ನೊಂದು ಸಂಗತಿ. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತಿತರರು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಕೆಜಿ, ಗ್ರಾಂ, ಚಿಲ್ಲರೆ ಎಲ್ಲವನ್ನೂ ಬಾಯಲ್ಲೇ ಲೆಕ್ಕ ಹಾಕುವ ಆ ಮಕ್ಕಳು ಶಾಲೆಯ ಪುಸ್ತಕದ ರೀತಿಯ ಸರಳ ಲೆಕ್ಕದಲ್ಲಿ ತಡವರಿಸಿದರು. ಶಾಲೆಯಲ್ಲಿ ಲೆಕ್ಕ ಬರುತ್ತಿದ್ದ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ಸೋತರು. ಹಾಗಿರುವಾಗ ಸಂತೆಯಲ್ಲಿ ಸೊಪ್ಪು ಮಾರುವ ಮನೆಯ ಮಗುವಿಗೆ ಗಣಿತ ತಲೆಗೆ ಹತ್ತುವುದಿಲ್ಲ ಎಂದು ಷರಾ ಬರೆಯುವ ಮುನ್ನ ಅದರ ಬಾಯಿಲೆಕ್ಕ ಕೇಳಿ ನೋಡಬೇಕು. ಆ ಎರಡು ಲೆಕ್ಕಗಳಿಗೆ ಸೇತುವೆ ಕಟ್ಟುವುದು ನಮ್ಮ ಕೆಲಸ, ಮಗುವಿನದಲ್ಲ.

ಈಗ ಡಿ.ಎಲ್.ಇಡಿ.ಗೆ ಸೇರಿರುವವರಲ್ಲಿ ಒಂದು ಕೋರಿಕೆ. ಇಂಟರ್ನ್‌ಶಿಪ್‌ಗೆ ಶಾಲೆಗೆ ಹೋದಾಗ ಪಾಠ ಯೋಜನೆಯ ಕಡತದ ಜೊತೆ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ಮಕ್ಕಳು ಬರೆದ ತಪ್ಪು ಉತ್ತರಗಳನ್ನು ತಿದ್ದದೆ ಇದ್ದ ಹಾಗೇ ಅದರಲ್ಲಿ ಇಳಿಸಿ. ಪಕ್ಕದಲ್ಲಿ, “ಹೇಗೆ ಮಾಡಿದೆ, ನನಗೂ ಹೇಳಿಕೊಡು” ಎಂದು ಕೇಳಿದಾಗ ಮಗು ಏನು ಹೇಳಿತೋ ಅದನ್ನು ಅದರದೇ ಮಾತಿನಲ್ಲಿ ಬರೆಯಿರಿ. ಕೇಳುವಾಗ ದನಿ ಮೆತ್ತಗಿರಲಿ, ಇಲ್ಲವಾದರೆ ಉತ್ತರ ಬದಲಾಗಿಬಿಡುತ್ತದೆ. ಟಿಇಟಿ ಪಾಸಾದ ಮೇಲೆ ಗೈಡನ್ನು ಜೂನಿಯರ್‌ಗಳಿಗೆ ಕೊಟ್ಟುಬಿಡಿ, ನೋಟ್‌ಬುಕ್ ನಿಮ್ಮ ಬಳಿಯೇ ಇರಲಿ.