ಗಾಳಕ್ಕೆ ಸಿಕ್ಕಿದ್ದು ಕಲ್ಲಲ್ಲ!

‘ನಾಳೆ ದೋಣಿಗೆ ಬತ್ಯಾ?’ ಎಂದು ಅಪ್ಪಯ್ಯ ಕೇಳಿದಾಗ ಮೊಬೈಲ್ ನೋಡುತ್ತಿದ್ದ ನಾನು ‘ಹೂಂ’ ಅಂದುಬಿಟ್ಟಿದ್ದೆ. ಏನು ಕೇಳಿದರು ಅಂತ ಸರಿಯಾಗಿ ತಿಳಿದದ್ದು ಮರುದಿನ ಬೆಳಗಿನ ಜಾವ ನಾಲ್ಕು ಗಂಟೆಗೆ, ಹೊದಿಕೆ ಎಳೆದಾಗ. ಯಾವಾಗಲೂ ಜೊತೆಗೆ ಹೋಗುವ ಭಾವ ಮದುವೆಯೊಂದಕ್ಕೆ ಹೋಗಿದ್ದರು. ಸಣ್ಣ ದೋಣಿಯಾದರೂ ಒಬ್ಬರೇ ಹೋಗುವಂತಿಲ್ಲ. ಮಂಗಳೂರಿನಲ್ಲಿ ಮೂರು ವರ್ಷ ಪುಸ್ತಕ ಹಿಡಿದು ಮೆತ್ತಗಾಗಿದ್ದ ನನ್ನ ಕೈಗಳು ಅವತ್ತು ಮತ್ತೆ ತಂಗೂಸಿ ಹಿಡಿಯಬೇಕಾಯಿತು.

ನಮ್ಮೂರು ಗಂಗೊಳ್ಳಿ. ಐದು ನದಿಗಳು ಸೇರಿ ಪಂಚಗಂಗಾವಳಿಯಾಗಿ ಕಡಲಿಗೆ ಬೀಳುವ ಜಾಗ. ಜನವರಿ ತಿಂಗಳಾದ್ದರಿಂದ ಅಳಿವೆಯಲ್ಲಿ ಅಲೆ ಹೆಚ್ಚಿರಲಿಲ್ಲ. ಬೆಳಗಿನ ಹೊತ್ತು ನೆಲದ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತದೆ, ದೋಣಿ ಹೊರಗೆ ಹೋಗಲು ಅದೇ ಅನುಕೂಲ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಗಾಳಿ ಕಡಲಿನಿಂದ ತಿರುಗುತ್ತದೆ. ಅಷ್ಟರೊಳಗೆ ವಾಪಸ್ ಬಂದರೆ ಮೈ ನೆನೆಯುವುದಿಲ್ಲ. ಇದು ಅಪ್ಪಯ್ಯನ ಟೈಮ್ ಟೇಬಲ್.

ಒಂದು ಗಂಟೆಗೂ ಮೀರಿ ಎಂಜಿನ್ ಓಡಿದ ಮೇಲೆ ಅವರು ವೇಗ ಇಳಿಸಿದರು. ಪೂರ್ವದಲ್ಲಿ ಆಗಷ್ಟೇ ಬೆಳಕು ಮೂಡಿ ಕೊಡಚಾದ್ರಿಯ ತುದಿ ಕಪ್ಪಗೆ ಕಾಣುತ್ತಿತ್ತು. ಆ ತುದಿ ದಡದ ಯಾವ ಗುರುತಿನ ಮೇಲೆ ಬರುತ್ತದೆ ಎಂದು ನೋಡಿ, ಇನ್ನೊಂದು ದಿಕ್ಕಿನ ಗುರುತನ್ನೂ ಹೊಂದಿಸಿ, ‘ಇಲ್ಲೇ’ ಅಂದರು. ನನ್ನ ಮೊಬೈಲಿನಲ್ಲಿ ಜಿಪಿಎಸ್ ಇತ್ತು. ಅದನ್ನು ತೆಗೆಯುವ ಧೈರ್ಯ ಬರಲಿಲ್ಲ. ಕೆಳಗೆ ಹದಿನಾಲ್ಕು ಮಾರು ನೀರು. ಮಾರು ಅಂದರೆ ಎರಡೂ ಕೈ ಚಾಚಿದಷ್ಟು ಉದ್ದ, ಹೆಚ್ಚು ಕಡಿಮೆ 6 ಅಡಿ. ಅಡಿಯಲ್ಲಿ ಕಲ್ಲಿನ ಜಾಗ. ಕಲ್ಲಿನ ಸಂದಿಯಲ್ಲಿ ಮುರು ಮೀನು ಇರುತ್ತದೆ, ಮೇಲೆ ಅಂಜಲ್ ಓಡಾಡುತ್ತದೆ. ಅಂಜಲ್ ಹಲ್ಲಿಗೆ ತಂಗೂಸಿ ಲೆಕ್ಕಕ್ಕಿಲ್ಲ, ಕತ್ತರಿ ಹಾಕಿದ ಹಾಗೆ ತುಂಡು ಮಾಡುತ್ತದೆ. ಅದಕ್ಕೇ ಗಾಳದ ಮೇಲೆ ಒಂದು ಮೊಳ ಸ್ಟೀಲ್ ವಯರ್ ಕಟ್ಟುವುದು.

ಲಂಗರು ಇಳಿಸಿದೆವು. ಅಪ್ಪಯ್ಯ ಸೈಕಲ್ ಟ್ಯೂಬಿನ ತುಂಡುಗಳನ್ನು ಬೆರಳಿಗೆ ಏರಿಸಿಕೊಂಡು ನನಗೂ ಎರಡು ಕೊಟ್ಟರು. ‘ತಂಗೂಸಿ ಕೈಗೆ ಸುತ್ಕಣ್ಬೇಡ’ ಅಂದರು. ಚಿಕ್ಕಂದಿನಿಂದ ನೂರು ಸಲ ಕೇಳಿದ ಮಾತು. ಅರ್ಧ ಬಂಗುಡೆ ಚುಚ್ಚಿ ಗಾಳ ಬಿಟ್ಟೆ. ಸೀಸದ ಗುಂಡು ತಳ ಮುಟ್ಟಿದ್ದು ಬೆರಳಿಗೆ ಗೊತ್ತಾಯಿತು.

ಏಳೂ ಕಾಲಿನ ಹೊತ್ತಿಗೆ ನನ್ನ ತಂಗೂಸಿ ಮೆಲ್ಲಗೆ, ಯಾರೋ ಬೇಸರದಲ್ಲಿ ಎಳೆದ ಹಾಗೆ, ಪಕ್ಕಕ್ಕೆ ಸರಿಯಿತು. ಜಗ್ಗಿದೆ. ಅಲುಗಲಿಲ್ಲ. ಮತ್ತೆ ಜಗ್ಗಿದೆ.

‘ಕಲ್ಲಿಗೆ ಸಿಕ್ಕಂಡಿತ್’ ಅಂದೆ.

ಅಪ್ಪಯ್ಯ ಬಂದು ನನ್ನ ತಂಗೂಸಿಯ ಮೇಲೆ ಎರಡು ಬೆರಳಿಟ್ಟು ನೋಡಿದರು. ನಾಡಿ ನೋಡುವ ವೈದ್ಯರ ಹಾಗೆ. ‘ಕಲ್ಲಲ್ಲ. ಜೀವ ಇತ್ತ್ ಅದ್ಕೆ’ ಅಂದರು.

ಆ ಮಾತು ಮುಗಿಯುವ ಮೊದಲೇ ಕಲ್ಲು ಹೊರಟಿತು. ತಂಗೂಸಿ ಸರ್ರನೆ ದೋಣಿಯ ಅಂಚಿನ ಮೇಲೆ ಓಡಿತು. ಬಿಟ್ಟರೆ ಹೋಯಿತು ಎಂಬ ಗಾಬರಿಯಲ್ಲಿ ನಾನು ಮಾಡಬಾರದ್ದನ್ನೇ ಮಾಡಿದೆ. ಬಲಗೈಗೆ ಒಂದು ಸುತ್ತು ಸುತ್ತಿಕೊಂಡೆ. ಮರುಕ್ಷಣ ಭುಜದವರೆಗೆ ಇಡೀ ಕೈ ನೀರಿನೊಳಗಿತ್ತು, ಎದೆ ಅಂಚಿಗೆ ಬಡಿದಿತ್ತು. ಅಪ್ಪಯ್ಯ ನನ್ನ ಕೈಗಿಂತ ಮುಂದೆ ತಂಗೂಸಿ ಹಿಡಿದು ಒಂದು ಗೇಣು ಸಡಿಲ ಕೊಟ್ಟರು. ಸುತ್ತು ಬಿಚ್ಚಿಕೊಂಡಿತು. ಅಂಗೈಯಲ್ಲಿ ಬ್ಲೇಡು ಎಳೆದ ಹಾಗೆ ಗೆರೆ ಮೂಡಿ, ಆಮೇಲೆ ನಿಧಾನಕ್ಕೆ ಕೆಂಪಾಯಿತು.

ಅವರು ಬೈಯಲಿಲ್ಲ. ‘ಹೋಯ್ಲಿ. ಹೋಪದನ್ನ ಹೋಪುಕೆ ಬಿಡ್. ನಿಂತಾಗ ಎಳಿ’ ಅಂದರು ಅಷ್ಟೆ. ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ನನ್ನ ಕೈಗೆ ಕಟ್ಟಿದರು. ಲಂಗರು ಹಗ್ಗದ ತುದಿಗೆ ಖಾಲಿ ಕ್ಯಾನ್ ಕಟ್ಟಿ ನೀರಿಗೆ ಬಿಟ್ಟರು. ಲಂಗರು ಅಲ್ಲೇ ಉಳಿಯಿತು, ದೋಣಿ ಮೀನಿನ ಹಿಂದೆ ಹೊರಟಿತು. ನಿಂತ ದೋಣಿಯಿಂದ ದೊಡ್ಡ ಮೀನು ಎಳೆದರೆ ತಂಗೂಸಿ ಕಡಿಯುತ್ತದೆ. ದೋಣಿಯನ್ನೇ ಎಳೆಯಲು ಬಿಟ್ಟರೆ ಮೀನು ಸುಸ್ತಾಗುತ್ತದೆ. ಎಂಜಿನ್ ಬಂದ್ ಆಗಿದ್ದ ನಮ್ಮ ದೋಣಿ ನಡೆಯುವಷ್ಟು ವೇಗದಲ್ಲಿ ಪಡುವಣಕ್ಕೆ ಹೋಗುತ್ತಿದ್ದುದನ್ನು ನೋಡಿ ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು.

ಏನಿರಬಹುದು? ನಾನು ದೊಡ್ಡ ಮುರು ಅಂದೆ. ಮುರು ಆಗಿದ್ದರೆ ಕಲ್ಲಿನ ಸಂದಿಗೆ ನುಗ್ಗಿ ಅಲ್ಲೇ ಕೂರುತ್ತಿತ್ತು ಅಂದರು. ಅಂಜಲ್? ಅದಾದರೆ ಇಷ್ಟು ಹೊತ್ತಿಗೆ ಎರಡು ಸಲ ಊರು ಸುತ್ತಿ ಬರುತ್ತಿತ್ತು, ಅದರದು ಓಟ, ಇದರದು ಭಾರ. ‘ತೊರಕೆ ಇಪ್ಪುಕೂ ಸಾಕ್’ ಎಂದು ಮೆಲ್ಲಗೆ ಅಂದರು. ನಾನು ಕೇಳಿಸಿಕೊಳ್ಳದ ಹಾಗೆ ಮಾಡಿದೆ. ಯಾಕೆಂದರೆ ತಲೆಯೊಳಗೆ ನನ್ನ ಲೆಕ್ಕ ಆಗಲೇ ಓಡುತ್ತಿತ್ತು. ಎಂಜಿನ್ ಸಾಲದ ಕಂತು ಹತ್ತನೇ ತಾರೀಖಿಗೆ ಕಟ್ಟಬೇಕು. ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗೆ ಸೇರಬೇಕೆಂದು ನಾನು ಮನೆಯಲ್ಲಿ ಹೇಳಿ ಎರಡು ತಿಂಗಳಾಗಿತ್ತು. ಯಾರೂ ಇಲ್ಲ ಅಂದಿರಲಿಲ್ಲ, ಹೂಂ ಅಂತಲೂ ಅಂದಿರಲಿಲ್ಲ. ಈ ಮೀನು ಮುರು ಆದರೆ, ಮೂವತ್ತು ಕೆಜಿ ಬಂದರೆ... ಕಾಮರ್ಸ್ ಓದಿದವನಿಗೆ ಗುಣಾಕಾರ ಹೇಳಿಕೊಡಬೇಕೇ?

ಎಂಟು ಗಂಟೆಯ ಹೊತ್ತಿಗೆ ಎಂಟು ಮಾರು ಎಳೆದು ಒಳಗೆ ಹಾಕಿದ್ದೆವು. ಒಂದೇ ಏಟಿಗೆ ಅದು ಹನ್ನೆರಡು ಮಾರು ವಾಪಸ್ ತೆಗೆದುಕೊಂಡಿತು. ಎಳೆಯುವುದು, ಬಿಡುವುದು. ಒಬ್ಬರು ಎಳೆದರೆ ಇನ್ನೊಬ್ಬರು ಒಳಗೆ ಬಿದ್ದ ತಂಗೂಸಿ ಸಿಕ್ಕಾಗದ ಹಾಗೆ ಸುತ್ತಿ ಇಡಬೇಕು. ಆ ರಾಶಿಯೊಳಗೆ ಕಾಲಿಟ್ಟವನು ಮೀನಿನ ಜೊತೆಗೇ ಹೋಗುತ್ತಾನೆ. ಅಪ್ಪಯ್ಯ ಚೂರಿಯನ್ನು ಅಂಚಿನ ಸಂದಿಗೆ ಸಿಕ್ಕಿಸಿಟ್ಟಿದ್ದರು. ‘ಇದ್ ಮೀನಿಗಲ್ಲ, ನಮ್ಗೆ’ ಅಂದರು. ಕೈಯೋ ಕಾಲೋ ಸಿಕ್ಕಿಕೊಂಡರೆ ಮೀನಿನ ಆಸೆ ಬಿಟ್ಟು ತಂಗೂಸಿ ಕತ್ತರಿಸಬೇಕು.

ಎಂಟೂವರೆಗೆ ಎಲ್ಲ ನಿಂತುಹೋಯಿತು. ಮೀನು ತಳಕ್ಕೆ ಅಂಟಿ ಕೂತಿತು. ಇಬ್ಬರೂ ಅಂಚಿಗೆ ಕಾಲು ಕೊಟ್ಟು ಎಳೆದರೆ ದೋಣಿ ವಾಲಿತೇ ಹೊರತು ಒಂದು ಬೆರಳಷ್ಟೂ ಬರಲಿಲ್ಲ. ಹತ್ತು ನಿಮಿಷ, ಹದಿನೈದು ನಿಮಿಷ. ಬಿಸಿಲು ಏರತೊಡಗಿತ್ತು. ಬೈರಾಸಿನ ಕೆಳಗೆ ಗಾಯಕ್ಕೆ ಉಪ್ಪು ನೀರು ಇಳಿದು ಉರಿ ಕಣ್ಣಿಗೆ ಬರುತ್ತಿತ್ತು. ಕತ್ತರಿಸಿಬಿಡೋಣ ಅಂತ ಬಾಯಿಯವರೆಗೆ ಬಂತು. ಹೇಳಿದ್ದರೆ ಅವರು ಕತ್ತರಿಸುತ್ತಿದ್ದರೋ ಏನೋ.

‘ಈಗ ಗೊತ್ತಾಯ್ತ್. ತೊರಕೆಯೇ’ ಅಂದರು ಅಪ್ಪಯ್ಯ. ತೊರಕೆ ಚಪ್ಪಟೆ ಮೀನು. ಮರಳಿಗೆ ಮೈ ಒತ್ತಿ ಕೂತರೆ ಮಗುಚಿಟ್ಟ ಬಾಣಲೆಯ ಹಾಗೆ, ಬರಿದೇ ಎಳೆದರೆ ಏಳುವುದಿಲ್ಲ. ಅವರು ತಂಗೂಸಿಯನ್ನು ಬಿಗಿಯಾಗಿ ಹಿಡಿದುಕೊಳ್ಳಲು ನನಗೆ ಹೇಳಿ, ಅದರ ಮೇಲೆ ಬೆರಳಿನಿಂದ ಮೀಟತೊಡಗಿದರು. ಟಣ್, ಟಣ್, ಟಣ್. ಆ ನಡುಕ ಕೆಳಗೆ ಅದರ ಬಾಯಿಗೆ ಮುಟ್ಟುತ್ತದಂತೆ. ನೆಮ್ಮದಿಯಾಗಿ ಕೂರಲು ಬಿಡುವುದಿಲ್ಲವಂತೆ. ಐದು ನಿಮಿಷ ಮೀಟಿದರು. ಆರನೇ ನಿಮಿಷಕ್ಕೆ ಕೆಳಗಿನಿಂದ ಒಂದು ಭಾರವಾದ ಅಲುಗಾಟ ಬಂತು. ತಳ ಬಿಟ್ಟಿತ್ತು.

ಆಮೇಲಿನ ಮುಕ್ಕಾಲು ಗಂಟೆ ನನಗೆ ಬಿಡಿಬಿಡಿಯಾಗಿ ಮಾತ್ರ ನೆನಪಿದೆ. ಬೆನ್ನು, ಬೆವರು, ಅಪ್ಪಯ್ಯನ ಉಸಿರಿನ ಸದ್ದು. ಅವರಿಗೆ ಐವತ್ತೆಂಟು ಅಂತ ನೆನಪಾಗಿ ನಾನೇ ಮುಂದೆ ನಿಂತು ಎಳೆದದ್ದು. ಹಿಂದಿನಿಂದ ‘ಬಿಡ್... ಬಿಡ್... ಈಗ ಎಳಿ’ ಎಂಬ ದನಿ. ಯಾವಾಗ ಬಿಡಬೇಕು ಅಂತ ಅವರು ಹೇಳುವ ಮೊದಲೇ ನನ್ನ ಬೆರಳಿಗೇ ಗೊತ್ತಾಗತೊಡಗಿದ್ದೂ ಆಗಲೇ.

ಒಂಬತ್ತೂ ಮುಕ್ಕಾಲಿಗೆ ಹಸಿರು ನೀರಿನೊಳಗಿಂದ ಕಂದು ಬಣ್ಣದ ಚಾಪೆಯೊಂದು ಮೇಲೆ ಬಂದ ಹಾಗೆ ಅದು ಕಾಣಿಸಿತು. ಅಗಲವೇ ನನ್ನ ಎತ್ತರದಷ್ಟಿತ್ತು. ಹಿಂದೆ ಚಾಟಿಯಂಥ ಬಾಲ. ಬಾಲದ ಮೇಲೆ ಮುಳ್ಳು, ಗರಗಸದ ಹಲ್ಲು, ಮೇಲಿಂದ ವಿಷ. 2006ರಲ್ಲಿ ಆಸ್ಟ್ರೇಲಿಯಾದ ಸ್ಟೀವ್ ಇರ್ವಿನ್, ಟಿ.ವಿ.ಯಲ್ಲಿ ಮೊಸಳೆ ಹಿಡಿಯುತ್ತಿದ್ದವರು, ಸತ್ತದ್ದು ಇಂಥದ್ದೇ ಮುಳ್ಳು ಎದೆಗೆ ಚುಚ್ಚಿ. ನಮ್ಮಲ್ಲೂ ಕಾಲಿಗೆ ಚುಚ್ಚಿಸಿಕೊಂಡು ಒದ್ದಾಡಿದವರಿದ್ದಾರೆ. ತಡೆಯುವಷ್ಟು ಬಿಸಿನೀರಿನಲ್ಲಿ ಕಾಲಿಟ್ಟರೆ ನೋವು ಇಳಿಯುತ್ತದೆ, ಆಮೇಲೆ ಆಸ್ಪತ್ರೆಗೆ ಓಡಬೇಕು. ಕಡಲ ನಡುವೆ ಬಿಸಿನೀರು ಎಲ್ಲಿಂದ?

‘ಬಾಲದ ಬದಿಗೆ ಹೋಗ್ಬೇಡ’ ಎಂದು ಅಪ್ಪಯ್ಯ ಕೊಕ್ಕೆ ಕೈಗೆತ್ತಿಕೊಂಡರು. ಅರವತ್ತು ಕೆಜಿಗೆ ಮೋಸವಿಲ್ಲ ಅಂದರು. ತೊರಕೆಗೆ ಮುರುವಿನ ರೇಟು ಇಲ್ಲ, ಆದರೂ ಅರವತ್ತು ಕೆಜಿ. ನನ್ನ ತಲೆಯ ಕ್ಯಾಲ್ಕುಲೇಟರ್ ಹೊಸ ರೇಟಿನಲ್ಲಿ ಮತ್ತೆ ಶುರುವಾಯಿತು.

ಆಗ ಅದು ದೋಣಿಯ ಪಕ್ಕದಲ್ಲಿ ಅರ್ಧ ಮಗುಚಿತು. ಬಿಳಿ ಹೊಟ್ಟೆ ಕಾಣಿಸಿತು. ಹೊಟ್ಟೆಯ ಹಿಂಬದಿಯಿಂದ ಏನೋ ಒಂದು ಜಾರಿ ನೀರಿಗೆ ಬಿತ್ತು. ವೀಳ್ಯದೆಲೆ ಸುರುಳಿ ಸುತ್ತಿದ ಹಾಗಿತ್ತು. ನಾನು ನೋಡುತ್ತಿದ್ದಂತೆಯೇ ಸುರುಳಿ ಬಿಚ್ಚಿಕೊಂಡಿತು. ಅಂಗೈಗಿಂತ ಸ್ವಲ್ಪ ದೊಡ್ಡ ತೊರಕೆ, ನೂಲಿನಂಥ ಬಾಲ. ಒಂದು ಕ್ಷಣ ತಬ್ಬಿಬ್ಬಾಗಿ ನಿಂತು, ರೆಕ್ಕೆ ಬಡಿದು ಕೆಳಗೆ ಹೋಯಿತು. ಅದರ ಹಿಂದೆಯೇ ಇನ್ನೊಂದು ಬಂತು.

ಬಂಗುಡೆ, ಬೂತಾಯಿ ಸಾವಿರಗಟ್ಟಲೆ ಮೊಟ್ಟೆ ಬಿಡುತ್ತವೆ. ತೊರಕೆ ಹಾಗಲ್ಲ. ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಇಟ್ಟುಕೊಂಡು ನಾಲ್ಕಾರು ಮರಿ ಹಾಕುತ್ತದೆ. ಬಲೆಗೋ ಗಾಳಕ್ಕೋ ಸಿಕ್ಕಿ ಜೀವಕ್ಕೆ ಬಂದಾಗ ದಿನ ತುಂಬದಿದ್ದರೂ ಮರಿ ಹೊರಗೆ ಬರುತ್ತವೆ. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಆ ಹೊತ್ತಿಗೆ ನನಗೆ ಗೊತ್ತಿದ್ದದ್ದು ಒಂದೇ. ಎರಡೂವರೆ ಗಂಟೆಯಿಂದ ನಾವು ಎಳೆಯುತ್ತಿದ್ದದ್ದು ಬಸುರಿಯನ್ನು.

ಅಪ್ಪಯ್ಯನ ಕೈಯಲ್ಲಿ ಕೊಕ್ಕೆ ಹಾಗೇ ಇತ್ತು. ನಾನು ಅವರ ಮುಖ ನೋಡಿದೆ. ಅವರು ಮೀನನ್ನು ನೋಡುತ್ತಿದ್ದರು. ಬಿಡೋಣ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಕಂತು ಕಟ್ಟುವವರು ಅವರು. ಸೀಮೆಎಣ್ಣೆಗೆ ದುಡ್ಡು ಕೊಟ್ಟವರು ಅವರು. ಕರುಣೆ ತೋರಿಸುವ ಮಾತು ನನ್ನ ಬಾಯಿಂದ ಬಂದರೆ ಅದು ಅವರ ಜೇಬಿನಿಂದ ಬಂದ ಹಾಗೆ. ಸುಮ್ಮನೆ ತಂಗೂಸಿ ಹಿಡಿದು ನಿಂತೆ.

ಅವರು ಕೊಕ್ಕೆಯನ್ನು ಒಳಗೆ ಹಾಕಿದರು. ಚೂರಿ ತೆಗೆದು, ಬಗ್ಗಿ, ಸ್ಟೀಲ್ ವಯರಿನ ಗಂಟಿನ ಹತ್ತಿರ ತಂಗೂಸಿ ಹಿಡಿದು ಕತ್ತರಿಸಿದರು. ಗಾಳ ಬಾಯಲ್ಲೇ ಉಳಿಯಿತು, ತೆಗೆಯಲು ಹೋದರೆ ಬಾಲ ಬಿಡುತ್ತಿರಲಿಲ್ಲ. ತೊರಕೆ ಒಂದಷ್ಟು ಹೊತ್ತು ಅಲ್ಲೇ ತೇಲಿತು. ಆಮೇಲೆ ರೆಕ್ಕೆಯ ಎರಡೂ ತುದಿ ಅಲುಗಿದವು. ಕಂದು ಚಾಪೆ ಹಸಿರಾಗಿ, ಕಪ್ಪಾಗಿ, ಕಾಣದಾಯಿತು.

‘ಇಷ್ಟ್ ಭಾರ ಈ ದೋಣಿಗೆ ಎತ್ತುಕ್ ಆತಿಲ್ಲ’ ಅಂದರು ಅಪ್ಪಯ್ಯ, ನನ್ನ ಕಡೆ ನೋಡದೆ. ಇದಕ್ಕಿಂತ ಭಾರದ್ದನ್ನು ಇದೇ ದೋಣಿಯ ಪಕ್ಕಕ್ಕೆ ಕಟ್ಟಿ ಎಳೆದುಕೊಂಡು ಬಂದ ಕಥೆಯನ್ನು ಅವರ ಬಾಯಿಂದಲೇ ಎಷ್ಟೋ ಸಲ ಕೇಳಿದ್ದೆ. ‘ಹೌದ್’ ಅಂದೆ.

ಕ್ಯಾನ್ ಹುಡುಕಿ ಲಂಗರು ಎತ್ತಿಕೊಂಡು, ಉಳಿದ ಹೊತ್ತಿನಲ್ಲಿ ನಾಲ್ಕು ಸಣ್ಣ ಮುರು ಹಿಡಿದು ವಾಪಸಾದೆವು. ಬಂದರಿನಲ್ಲಿ ‘ಎಂತ ಸಿಕ್ತ್?’ ಎಂದು ಕೇಳಿದವರಿಗೆ ಅಪ್ಪಯ್ಯ ‘ದೊಡ್ಡ ತೊರಕೆ ಬಂದಿತ್, ತಂಗೂಸಿ ಕಡ್ದ್ ಹೋಯ್ತ್’ ಅಂದರು. ಎಲ್ಲರೂ ಅಯ್ಯೋ ಅಂದರು. ನಾನು ಬುಟ್ಟಿ ಹೊತ್ತು ಮುಂದೆ ಹೋದೆ. ಅಮ್ಮ ಮುರು ಮೀನು ಮಾರಿ ಬಂದ ದುಡ್ಡು ಎಣಿಸಿದಾಗ ಸೀಮೆಎಣ್ಣೆಯ ಖರ್ಚು ಕಳೆದು ಇನ್ನೂರು ಚಿಲ್ಲರೆ ಉಳಿದಿತ್ತು. ನನ್ನ ಕೈಗೆ ಅರಿಶಿನ ಹಚ್ಚುತ್ತಾ, ‘ತಂಗೂಸಿ ಕಡ್ದದ್ದಾ, ಕೊಯ್ದದ್ದಾ?’ ಎಂದು ಮೆಲ್ಲಗೆ ಕೇಳಿದರು. ಇಪ್ಪತ್ತೈದು ವರ್ಷದಿಂದ ತಂಗೂಸಿಯ ತುದಿ ನೋಡಿದವರು. ಕಡಿದ ತುದಿ ಎಳೆದು ಸಣ್ಣಗಾಗಿರುತ್ತದೆ, ಕತ್ತರಿಸಿದ ತುದಿ ನೇರವಾಗಿರುತ್ತದೆ. ನಾನು ಮಾತಾಡಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.

ರಾತ್ರಿ ಊಟವಾದ ಮೇಲೆ ಅಪ್ಪಯ್ಯ ತಾವಾಗಿಯೇ ಒಂದು ಮಾತು ಹೇಳಿದರು. ನನ್ನ ವಯಸ್ಸಿನಲ್ಲಿ ದೊಡ್ಡ ಬೋಟಿನಲ್ಲಿ ಕೆಲಸಕ್ಕಿದ್ದಾಗ ಇಂಥದ್ದೇ ಒಂದನ್ನು ಕೊಯ್ದಿದ್ದರಂತೆ. ಹೊಟ್ಟೆಯೊಳಗೆ ಮರಿಗಳಿದ್ದವಂತೆ, ಜೀವ ಇತ್ತಂತೆ. ‘ಅವತ್ತ್ ಊಟ ಸೇರ್ಲಿಲ್ಲ’ ಅಂದು ಎದ್ದುಹೋದರು.

ಕಂತು ಆ ತಿಂಗಳು ತಡವಾಗಿ, ದಂಡ ಸೇರಿಸಿ ಕಟ್ಟಿದೆವು. ಕೋಚಿಂಗಿಗೆ ನಾನು ಸೇರಲಿಲ್ಲ, ಗೆಳೆಯನ ಹಳೆಯ ಪುಸ್ತಕ ತಂದು ಮನೆಯಲ್ಲೇ ಓದುತ್ತಿದ್ದೇನೆ. ವಾರಕ್ಕೆ ಎರಡು ದಿನ ದೋಣಿಗೆ ಹೋಗುತ್ತೇನೆ, ಭಾವ ಊರಲ್ಲಿದ್ದರೂ. ಅಂಗೈಯ ಗೆರೆ ಇನ್ನೂ ಪೂರ್ತಿ ಮಾಸಿಲ್ಲ.

ಬಂದರಿನಲ್ಲಿ ಇವತ್ತಿಗೂ ಆ ತೊರಕೆ ತಂಗೂಸಿ ಕಡಿದುಕೊಂಡು ಹೋಯಿತು ಅಂತಲೇ ಲೆಕ್ಕ. ಇದು ಪತ್ರಿಕೆಯಲ್ಲಿ ಬಂದರೆ ಅಲ್ಲಿನ ಚಹಾದಂಗಡಿಯಲ್ಲಿ ಯಾರಾದರೂ ಗಟ್ಟಿಯಾಗಿ ಓದಿಯೇ ಓದುತ್ತಾರೆ. ಅಪ್ಪಯ್ಯ, ಬೈಬೇಡಿ. ಸುಳ್ಳನ್ನು ಮೂರು ತಿಂಗಳು ನಾನೂ ಗಟ್ಟಿಯಾಗಿ ಹಿಡಿದಿಟ್ಟುಕೊಂಡಿದ್ದೆ. ಬಿಡಬೇಕಾದಾಗ ಬಿಡು ಅಂತ ಹೇಳಿಕೊಟ್ಟವರು ನೀವೇ.