ಆರನೆಯ ಹಲ್ಲು ಹಾಲುಹಲ್ಲಲ್ಲ

ಕಳೆದ ಮಳೆಗಾಲದ ಒಂದು ಸಂಜೆ ಸರಸ್ವತಿ ನಗರದ ತಾಯಿಯೊಬ್ಬರು ಎಂಟು ವರ್ಷದ ಮಗನನ್ನು ನನ್ನ ಕ್ಲಿನಿಕ್ಕಿಗೆ ಕರೆತಂದರು. ಹುಡುಗನ ಎಡಗೆನ್ನೆ ಬನ್ನಿನಂತೆ ಊದಿತ್ತು. 102 ಡಿಗ್ರಿ ಜ್ವರ. ಎರಡು ದಿನದಿಂದ ಗಂಜಿ ಬಿಟ್ಟು ಬೇರೇನೂ ಇಳಿದಿರಲಿಲ್ಲ. ಟಾರ್ಚ್ ಹಾಕಿ ನೋಡಿದರೆ ಕೆಳದವಡೆಯ ಹಲ್ಲೊಂದು ಒಳಗೆಲ್ಲ ಟೊಳ್ಳಾಗಿ, ಅಂಚು ಮಾತ್ರ ಉಳಿದು ನಿಂತಿತ್ತು. ಎಷ್ಟು ದಿನದಿಂದ ನೋವು ಎಂದು ಕೇಳಿದೆ.

"ವರ್ಷದಿಂದ ಬಂದು ಹೋಗಿ ಮಾಡ್ತಿತ್ರೀ ಡಾಕ್ಟ್ರೇ. ಹಾಲುಹಲ್ಲು ಅಲ್ಲೇನ್ರೀ, ಹೆಂಗೂ ಬಿದ್ದು ಹೋಗ್ತದೆ ಅಂತ ಸುಮ್ಮನಿದ್ವಿ" ಎಂದರು.

ಅದು ಹಾಲುಹಲ್ಲಾಗಿರಲಿಲ್ಲ. ಆರನೆಯ ವಯಸ್ಸಿನ ಸುಮಾರಿಗೆ ಬರುವ ಮೊದಲ ಶಾಶ್ವತ ದವಡೆಹಲ್ಲು. ಅರವತ್ತು ಎಪ್ಪತ್ತು ವರ್ಷ ಅನ್ನ ಅಗಿಯಬೇಕಾಗಿದ್ದ ಹಲ್ಲು ಎರಡೇ ವರ್ಷದಲ್ಲಿ ಮುಗಿದುಹೋಗಿತ್ತು.

ಆ ತಾಯಿಯದು ತಪ್ಪು ಎಂದು ನಾನು ಹೇಳಲಾರೆ. ಮುಂದಿನ ಹಲ್ಲುಗಳು ಅಲುಗಾಡಿ ಬಿದ್ದು ಹೊಸದು ಬರುವುದನ್ನು ಮನೆಯವರೆಲ್ಲ ನೋಡುತ್ತಾರೆ. ಆದರೆ ಈ ದವಡೆಹಲ್ಲು ಯಾವ ಹಲ್ಲನ್ನೂ ಬೀಳಿಸದೆ, ಹಾಲುಹಲ್ಲುಗಳ ಸಾಲಿನ ಹಿಂದೆ, ಸದ್ದಿಲ್ಲದೆ ಮೂಡುತ್ತದೆ. ಅದು ಬಂದದ್ದೇ ಅನೇಕರಿಗೆ ತಿಳಿಯುವುದಿಲ್ಲ. ಮನೆಯಲ್ಲಿ ಆರೇಳು ವರ್ಷದ ಮಗುವಿದ್ದರೆ ನೀವೇ ಪರೀಕ್ಷಿಸಬಹುದು. ನಡುವಿನ ಮುಂದಿನ ಹಲ್ಲಿನಿಂದ ಹಿಂದಕ್ಕೆ ಎಣಿಸುತ್ತಾ ಹೋಗಿ. ಹಾಲುಹಲ್ಲುಗಳು ಒಟ್ಟು ಇಪ್ಪತ್ತು, ಅಂದರೆ ಒಂದೊಂದು ಮಗ್ಗುಲಿಗೆ ಐದು. ಆರನೆಯದು ಕಂಡಿತೆಂದರೆ ಅದು ಶಾಶ್ವತ ಹಲ್ಲು. ಅದು ಉದುರಿದರೆ ಅದರ ಜಾಗಕ್ಕೆ ಮತ್ತೊಂದು ಬರುವುದಿಲ್ಲ.

ಹಾಗೆಂದು ಹಾಲುಹಲ್ಲನ್ನು ಅಲಕ್ಷಿಸಬೇಡಿ. ಮುಂದೆ ಬರುವ ಹಲ್ಲಿಗೆ ಜಾಗ ಕಾಯ್ದಿಡುವುದು ಅದೇ. ಹುಳುಕಿನಿಂದ ಬೇಗನೆ ಕಿತ್ತರೆ ಅಕ್ಕಪಕ್ಕದವು ಒತ್ತರಿಸಿಕೊಂಡು ಬಂದು ಹೊಸ ಹಲ್ಲು ಸೊಟ್ಟಗೆ ಹುಟ್ಟುತ್ತದೆ. ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಮಲಗುವ ಕೂಸುಗಳ ಮೇಲಿನ ಮುಂದಿನ ಹಲ್ಲುಗಳು ಕಪ್ಪಾಗಿ ಕರಗಿರುವುದನ್ನು ನೀವೂ ನೋಡಿರಬಹುದು.

ಇಲ್ಲಿ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಪ್ರಾಕ್ಟೀಸ್ ಶುರುಮಾಡಿದ ಹೊಸತರಲ್ಲಿ ಹಲ್ಲುನೋವೆಂದು ಬಂದವರಿಗೆ ಐದು ದಿನದ ಆಂಟಿಬಯೋಟಿಕ್, ನೋವಿನ ಮಾತ್ರೆ ಬರೆದು ಕಳಿಸುತ್ತಿದ್ದೆ. ನೋವು ಹೋಗುತ್ತಿತ್ತು, ರೋಗಿಗೂ ಸಮಾಧಾನ, ನನಗೂ ಸಮಾಧಾನ. ಹೀಗೆ ನನ್ನಲ್ಲಿಗೇ ಮೂರು ಸಲ ಬಂದು ಹೋದ ಒಬ್ಬರು ನಾಲ್ಕನೆಯ ಸಲ ಬಂದಾಗ ಗದ್ದದ ಕೆಳಗೆಲ್ಲ ಊದಿ, ನುಂಗಲು ಆಗದೆ ಜೊಲ್ಲು ಸುರಿಸುತ್ತಿದ್ದರು. ಹಲ್ಲಿನ ಬೇರಿನ ಕೀವು ಕತ್ತಿಗೆ ಇಳಿದರೆ ಉಸಿರಿನ ದಾರಿಯನ್ನೇ ಒತ್ತಿ ಪ್ರಾಣಕ್ಕೆ ಸಂಚಕಾರ ತರುತ್ತದೆ. ಪುಣ್ಯಕ್ಕೆ ಅವರು ಉಳಿದರು. ಮಾತ್ರೆ ನೋವನ್ನು ತಡೆಯಬಹುದು, ಹಲ್ಲಿನ ಗುಳಿಯನ್ನು ಮುಚ್ಚಲಾರದು. ಹಲ್ಲುನೋವಿನ ಜೊತೆ ಕತ್ತು ಊದಿದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಬೆಳಗಾಗಲೆಂದು ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೋಗಿ.

ನಮ್ಮ ಊರಿನಲ್ಲಿ ದಂತವೈದ್ಯರಿಗೆ ಬರವಿಲ್ಲ. ಬಾಪೂಜಿ ದಂತ ಕಾಲೇಜು 1979ರಿಂದ ಇದೆ, 1991ರಲ್ಲಿ ಇನ್ನೊಂದು ಕಾಲೇಜೂ ಬಂತು. ಆದರೂ ಹಲ್ಲುನೋವಿನವರು ಮೊದಲು ಬರುವುದು ಔಷಧದಂಗಡಿಗೆ, ಆಮೇಲೆ ನನ್ನಂಥ ಫಿಜಿಷಿಯನ್ ಬಳಿಗೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ, ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ ಎಂಬ ಭಯಗಳು ಇನ್ನೂ ಇವೆ. ಎರಡೂ ಸುಳ್ಳು. ಹಲ್ಲಿನ ಬುಡದಲ್ಲಿ ಕಟ್ಟಿದ ಗಾರೆಯನ್ನು ತೆಗೆದಾಗ ಮೊದಲೇ ಸಡಿಲವಾಗಿದ್ದ ಹಲ್ಲು ಸಡಿಲವೆಂದು ಗೊತ್ತಾಗುತ್ತದೆ, ಅಷ್ಟೆ.

ಈ ಗಾರೆಯ ವಿಷಯ ಸಕ್ಕರೆ ಕಾಯಿಲೆಯವರಿಗೆ ಬಹಳ ಮುಖ್ಯ. ಗಿರಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಹೇಳಿದ ಮಾತ್ರೆಯನ್ನೆಲ್ಲ ನುಂಗುತ್ತಿದ್ದರು, ಅನ್ನವನ್ನೂ ಕಡಿಮೆ ಮಾಡಿದ್ದರು, ಆದರೂ ಸಕ್ಕರೆ ಇಳಿಯುತ್ತಿರಲಿಲ್ಲ. ಒಂದು ದಿನ ಬಾಯಿ ನೋಡಿದೆ. ವಸಡೆಲ್ಲ ಕೆಂಪಾಗಿ, ಮುಟ್ಟಿದರೆ ರಕ್ತ, ಕೀವು. ಸಕ್ಕರೆ ಹೆಚ್ಚಾದರೆ ವಸಡಿನ ರೋಗ ಬಲಿಯುತ್ತದೆ, ವಸಡಿನ ಸೋಂಕು ಬಲಿತರೆ ಸಕ್ಕರೆ ಹತೋಟಿಗೆ ಬರುವುದಿಲ್ಲ. ಇದು ಎರಡೂ ಕಡೆಯಿಂದ ಎಳೆಯುವ ಗರಗಸ. ಬ್ರಶ್ ಮಾಡುವಾಗ ರಕ್ತ ಬಂದರೆ ಬ್ರಶ್ಶನ್ನೇ ಬಿಡುವವರಿದ್ದಾರೆ. ಮಾಡಬೇಕಾದ್ದು ಅದರ ವಿರುದ್ಧ. ಮೆತ್ತನೆಯ ಬ್ರಶ್ಶಿನಿಂದ ವಸಡಿನ ಅಂಚನ್ನು ಚೆನ್ನಾಗಿ ಉಜ್ಜಬೇಕು, ದಂತವೈದ್ಯರಿಗೆ ತೋರಿಸಬೇಕು. ಗರ್ಭಿಣಿಯರಲ್ಲೂ ವಸಡು ಊದಿ ರಕ್ತ ಬರುವುದುಂಟು, ಅವರಿಗೂ ಇದೇ ಮಾತು. ಫಿಟ್ಸ್ ಕಾಯಿಲೆಗೆ ಫೆನಿಟಾಯಿನ್, ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ ತೆಗೆದುಕೊಳ್ಳುವ ಕೆಲವರಲ್ಲಿ ವಸಡು ಬೆಳೆದು ಹಲ್ಲನ್ನು ಮುಚ್ಚುತ್ತದೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಕೊಟ್ಟ ವೈದ್ಯರಿಗೆ ತಿಳಿಸಿ. ಹೃದಯದ ಕವಾಟದ ಆಪರೇಷನ್ ಆದವರು ಹಲ್ಲು ಕೀಳಿಸುವ ಮುನ್ನ ಆ ವಿಷಯವನ್ನು ತಪ್ಪದೆ ಹೇಳಬೇಕು.

ಹಾಗಾದರೆ ಹಲ್ಲುಜ್ಜುವುದು ಹೇಗೆ? ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ, ಎರಡೆರಡು ನಿಮಿಷ. ರಾತ್ರಿಯದೇ ಹೆಚ್ಚು ಮುಖ್ಯ, ನಮ್ಮ ಮನೆಗಳಲ್ಲಿ ತಪ್ಪುವುದೂ ಅದೇ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ, ಹಲ್ಲಿಗಂಟಿದ ಆಹಾರ ಹುಳಿಯಾಗಿ ಹಲ್ಲನ್ನು ಕರಗಿಸುತ್ತದೆ. ಪೇಸ್ಟಿನಲ್ಲಿ ಉಪ್ಪು, ಲವಂಗ ಇದೆಯೇ ಎಂದು ಕೇಳುವ ಬದಲು ಫ್ಲೋರೈಡ್ ಇದೆಯೇ ನೋಡಿ. ಉಜ್ಜಿದ ಮೇಲೆ ಉಗುಳಿ, ಚೊಂಬುಗಟ್ಟಲೆ ನೀರು ಹಾಕಿ ಮುಕ್ಕಳಿಸಬೇಡಿ, ಪೇಸ್ಟಿನ ಗುಣವೆಲ್ಲ ಬಚ್ಚಲಿಗೆ ಹೋಗುತ್ತದೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ಏಳೆಂಟು ವರ್ಷದವರೆಗೆ ದೊಡ್ಡವರು ಕೈಹಿಡಿದು ಉಜ್ಜಿಸಬೇಕು. ಇದ್ದಿಲು, ಇಟ್ಟಿಗೆ ಪುಡಿ ಹಲ್ಲಿನ ಹೊಳಪನ್ನೇ ಸವೆಸುತ್ತವೆ. ಹೊಗೆಸೊಪ್ಪು ಬೆರೆಸಿದ ಹಲ್ಲುಪುಡಿಯನ್ನಂತೂ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಬೇವಿನ ಕಡ್ಡಿ ಕೆಟ್ಟದ್ದಲ್ಲ, ಆದರೆ ಅದು ಹಿಂದಿನ ದವಡೆಹಲ್ಲಿನ ಸಂದಿಗೆ ತಲುಪುವುದಿಲ್ಲ.

ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಿಡಿ ಎಂದು ದಾವಣಗೆರೆಯವರಿಗೆ ಹೇಳುವ ಧೈರ್ಯ ನನಗಿಲ್ಲ. ನಾನೂ ತಿನ್ನುವವನೇ. ತಿಂದ ಮೇಲೆ ಬಾಯಿ ಮುಕ್ಕಳಿಸಿ, ಮಂಡಕ್ಕಿಯ ಹಿಟ್ಟು ಹಲ್ಲಿನ ಗೆರೆಗಳಲ್ಲಿ ಅಂಟಿ ಕೂರುತ್ತದೆ. ಮಕ್ಕಳಿಗೆ ಸಿಹಿ ಕೊಡುವುದಾದರೆ ಊಟದ ಜೊತೆಗೇ ಕೊಟ್ಟುಬಿಡಿ. ದಿನವಿಡೀ ಚೂರುಚೂರಾಗಿ ಚಪ್ಪರಿಸುವ ಚಾಕಲೇಟು, ಬಿಸ್ಕತ್ತಿಗಿಂತ ಒಮ್ಮೆ ತಿಂದ ಹೋಳಿಗೆ ಹಲ್ಲಿಗೆ ಮೇಲು.

ಅಡಿಕೆಯ ಮಾತು ಬೇರೆ. ಚನ್ನಗಿರಿ ಸೀಮೆಯ ತೋಟಗಳಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ ಎಂಬುದು ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲಿ ಹೊಗೆಸೊಪ್ಪಿಲ್ಲದ ಬರಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದ್ದೂ ಅಷ್ಟೇ ನಿಜ. ಗುಟ್ಕಾವನ್ನು ನಮ್ಮ ರಾಜ್ಯ 2013ರಲ್ಲಿ ನಿಷೇಧಿಸಿತು. ಅಂಗಡಿಗಳಲ್ಲಿ ಅಡಿಕೆಪುಡಿಯದೊಂದು ಚೀಟಿ, ಹೊಗೆಸೊಪ್ಪಿನದೊಂದು ಚೀಟಿ ಬಂದವು. ಕಾಲೇಜು ಹುಡುಗರು ಎರಡನ್ನೂ ಕಲಸಿ ಬಾಯಿಗೆ ಹಾಕುತ್ತಾರೆ. ನಿಮ್ಮ ಮಗ ಖಾರ ತಿನ್ನಲಾರೆ, ಬಾಯಿ ಉರಿಯುತ್ತದೆ ಎಂದರೆ, ಅವನದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಬಾಯಿಗೆ ಸೇರಿಸಲು ಹೇಳಿ. ಸೇರದಿದ್ದರೆ ಬೈಯುತ್ತಾ ಕೂರದೆ ದಂತವೈದ್ಯರಲ್ಲಿಗೆ ಕರೆದೊಯ್ಯಿರಿ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು ಕಂಡರೂ ಅಷ್ಟೆ.

ಜಗಳೂರು ಕಡೆಯಿಂದ ಬರುವ ಕೆಲವು ಹುಡುಗಿಯರು ಕಂದು ಹಲ್ಲು ಕಾಣದಂತೆ ಕೈ ಅಡ್ಡ ಹಿಡಿದು ಮಾತಾಡುತ್ತಾರೆ. ಅದು ಹಲ್ಲುಜ್ಜದ ಸೋಮಾರಿತನವಲ್ಲ. ಹಲ್ಲು ಒಳಗೆ ರೂಪುಗೊಳ್ಳುವ ಎಳೆವಯಸ್ಸಿನಲ್ಲಿ ಫ್ಲೋರೈಡ್ ಹೆಚ್ಚಿದ ಬೋರ್‌ವೆಲ್ ನೀರು ಕುಡಿದದ್ದರ ಗುರುತು. ಹೆಣ್ಣು ನೋಡಲು ಹೋಗುವವರು ಇದನ್ನು ತಿಳಿದಿರಲಿ. ಆ ಊರುಗಳಲ್ಲಿ ಕೂಸುಗಳಿಗೆ ಶುದ್ಧೀಕರಿಸಿದ ನೀರನ್ನೇ ಕೊಡಿ.

ಇನ್ನು ಆ ಹುಡುಗನ ಸಂಗತಿ. ಹಲ್ಲನ್ನು ಉಳಿಸಲಾಗಲಿಲ್ಲ, ಕೀಳಬೇಕಾಯಿತು. ತಿಂಗಳ ನಂತರ ಅದೇ ತಾಯಿ ಮತ್ತೆ ಬಂದರು, ಈ ಸಲ ಆರು ವರ್ಷದ ಮಗಳ ಜೊತೆ. "ಆರನೇದು ಬಂದದೆ ರೀ, ನಾನೇ ಎಣಿಸಿದೆ" ಎಂದು ಮಗಳ ಬಾಯಿ ತೆರೆಸಿದರು. ಹೌದು, ವಸಡಿನಿಂದ ಆಗತಾನೆ ತಲೆ ಎತ್ತಿದ, ಬೆಳ್ಳಗಿನ ಹಲ್ಲು. ಅದರ ಮೇಲಿನ ಆಳವಾದ ಗೆರೆಗಳನ್ನು ತೆಳುವಾದ ಲೇಪದಿಂದ ಮುಚ್ಚಿಸಿಕೊಳ್ಳಲು ದಂತವೈದ್ಯರಿಗೆ ಚೀಟಿ ಬರೆದುಕೊಟ್ಟೆ. ಅದಕ್ಕೆ ಸೂಜಿಯೂ ಬೇಡ, ನೋವೂ ಇಲ್ಲ.