ರಾಷ್ಟ್ರಗಳ ಏಳಿಗೆಯ ಅಳತೆ

ಪ್ರಶ್ನೆ: ದೇಶಗಳ ಅಭ್ಯುದಯವನ್ನು ವರಮಾನವೊಂದರಿಂದಲೇ ಅಳೆಯುವರೇ?

ಉತ್ತರ: ಇಲ್ಲ. ಸಂಪತ್ತು ಸಾಧನವೇ ಹೊರತು ಗುರಿಯಲ್ಲವೆಂದು ದೃಢವಾಗಿ ನಂಬಿದ್ದ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವರು, ಅಮರ್ತ್ಯ ಸೇನರೇ ಮೊದಲಾದವರ ನೆರವಿನಿಂದ ರೂಪಿಸಿ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮೂಲಕ 1990ರಲ್ಲಿ ಪ್ರಕಟಿಸಿದ ಮಾನವ ಅಭಿವೃದ್ಧಿ ಸೂಚ್ಯಂಕವು, ಇಂದು ನಿರೀಕ್ಷಿತ ಆಯುಸ್ಸು, ವಿದ್ಯಾಭ್ಯಾಸದ ವರ್ಷಗಳು, ತಲಾ ರಾಷ್ಟ್ರೀಯ ವರಮಾನ ಎಂಬ ಮೂರಕ್ಕೂ ಸಮಾನ ಸ್ಥಾನವನ್ನಿತ್ತು, 0ಯಿಂದ 1ರವರೆಗಿನ ಒಂದೇ ಅಂಕದಲ್ಲಿ ಫಲವನ್ನು ನಿರೂಪಿಸುತ್ತದೆ. 2010ರಿಂದೀಚೆಗೆ ಮೂರು ಅಂಕಗಳನ್ನೂ ಪರಸ್ಪರ ಗುಣಿಸಿ ಘನಮೂಲವನ್ನು ತೆಗೆಯುವ ಕ್ರಮವು ರೂಢಿಗೆ ಬಂದಿರುವುದರಿಂದ, ಧನಸಮೃದ್ಧಿಯು ವಿದ್ಯೆಯ ಅಥವಾ ಆರೋಗ್ಯದ ಕೊರತೆಯನ್ನು ಸುಲಭವಾಗಿ ಮರೆಮಾಡಲಾರದು. ಆದರೂ ಸರಾಸರಿಯೆಂಬುದು ಒಂದೇ ನಾಡಿನೊಳಗಣ ಬಡವ ಬಲ್ಲಿದರ ಅಂತರವನ್ನು ತೋರಲಾರದಾದ ಕಾರಣ, ಅಸಮಾನತೆಯಿಂದಾಗುವ ನಷ್ಟವನ್ನು ಕಳೆದು ಗಣಿಸಿದ ಮತ್ತೊಂದು ಸೂಚ್ಯಂಕವನ್ನೂ ಜೊತೆಗಿರಿಸಿಕೊಂಡು ನೋಡಿದಲ್ಲದೆ ಯಾವ ದೇಶದ ಏಳಿಗೆಯನ್ನೂ ನಿರ್ಣಯಿಸುವುದು ನ್ಯಾಯವಾಗದು.